ಅಡ್ಡಮುಖದ ರಾಜ

ಕಾರ್ಲೋವಾಸಿ, ಸಾಮೋಸ್ ದ್ವೀಪ
9 ಅಕ್ಟೋಬರ್ 1983

ಸ್ಟ್ರಾಟಿಸ್,

ವಾಚನ ಸಂಘದ ರಂಗಮಂದಿರದ ಮಾಡು ಸೋರಿ, ವೇದಿಕೆಯ ಮೇಲಿದ್ದ ಆಂಡ್ರೊಮೆಡಾ ಚಿತ್ರ ಕೊಳೆತುಹೋಗಿದೆ. ಅದರ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ಬರೆದುಕೊಡಬೇಕೆಂದು ಸಂಘದವರು ಕಳೆದ ವಾರ ಅಪ್ಪನನ್ನು ಕೇಳಿದರು. ಅಪ್ಪ ಒಪ್ಪಿಕೊಂಡ. ಬರೆಯಬೇಕಾದವಳು ನಾನು.

ಹಬ್ಬಕ್ಕೊಂದು ಕಾರ್ಡು ಬಿಟ್ಟರೆ ನಾವಿಬ್ಬರೂ ಏನೂ ಬರೆದುಕೊಂಡಿಲ್ಲ, ಆದ್ದರಿಂದ ನಿನಗೆ ಇದು ತಿಳಿದಿರಲಾರದು. ಅಪ್ಪನ ಬಲಗೈ ನಡುಗುತ್ತದೆ. ಕೆಲವು ವರ್ಷಗಳಿಂದ ನಮ್ಮ ಕಾರ್ಯಶಾಲೆಯಿಂದ ಚರ್ಚುಗಳಿಗೆ ಹೋಗುವ ಸಂತರ ಪಟಗಳನ್ನೆಲ್ಲ ನಾನೇ ಬರೆಯುತ್ತಿದ್ದೇನೆ. ಕೆಳಗೆ 'ಇಗ್ನಾಟಿಸನ ಕೈಯಿಂದ' ಎಂದು ಬರೆಯುವವಳೂ ನಾನೇ. ಊರಿಗೆ ಗೊತ್ತಿಲ್ಲ. ಗೊತ್ತಾದರೆ ಅಪ್ಪನನ್ನು ನಂಬಿ ಪಟ ತೆಗೆದುಕೊಂಡ ಪಾದ್ರಿಗಳೆಲ್ಲ ಅದನ್ನು ಗೋಡೆಯಿಂದಿಳಿಸಿ ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಅಪ್ಪ ಅದನ್ನು ತಡೆದುಕೊಳ್ಳಲಾರ. ಹಾಗಾಗಿ ನಾನು ಸುಮ್ಮನಿದ್ದೇನೆ.

ಆದರೆ ಈ ಚಿತ್ರ ಚರ್ಚಿನದಲ್ಲ. ಇದೊಂದು ನನ್ನ ಹೆಸರಿನಲ್ಲಿ ಹೋಗಬೇಕು ಅನ್ನಿಸುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಮೊದಲು ಬರೆಯಲು ಬರಬೇಕಲ್ಲ. ನನಗೆ ಗೊತ್ತಿರುವುದು ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಮಾತ್ರ, ಎಣ್ಣೆಬಣ್ಣ ಮುಟ್ಟಿದವಳಲ್ಲ. ನೀನು ಅದರಲ್ಲೇ ಅನ್ನ ಸಂಪಾದಿಸುತ್ತೀಯ. ಕಾಗದದಲ್ಲಿ ಕಲಿಸುವುದಕ್ಕೆ ಆಗುತ್ತದೆಯೇ?

"ಅದರಲ್ಲಿ ಕಲಿಯೋದೇನಿದೆ?" ಅಂದ ಅಪ್ಪ. "ಬಣ್ಣದ ಮೇಲೆ ಎಣ್ಣೆ ಸುರಿಯೋದು. ನಿನ್ನ ತಮ್ಮನಿಗೇ ಬಂತು ಅಂದಮೇಲೆ ಮಹಾ ವಿದ್ಯೆಯೇನಲ್ಲ." ನೀನು ಚರ್ಚಿನ ಗುಮ್ಮಟಕ್ಕೆ ಚಿತ್ರ ಬರೆಯುವ ಕೆಲಸ ಅರ್ಧಕ್ಕೆ ಬಿಟ್ಟು ಅಥೆನ್ಸಿನ ಚಿತ್ರಶಾಲೆಗೆ ಹೋದಮೇಲೆ ಅವನ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು.

ಕಥೆಯನ್ನೂ ನಾನೇ ಹೇಳಬೇಕಾಯಿತು. ವಿಗ್ರಹ ಪೂಜಿಸುತ್ತಿದ್ದವರ ಕಥೆ ತನಗೆ ಗೊತ್ತಿಲ್ಲವಂತೆ. ರಾಣಿ ತನ್ನ ಚೆಲುವಿನ ಬಗ್ಗೆ ಜಂಬ ಕೊಚ್ಚಿದ್ದು, ಕಡಲ ದೇವರು ಸಿಟ್ಟಿಗೆದ್ದು ಒಂದು ಪ್ರಾಣಿಯನ್ನು ಊರಿನ ಮೇಲೆ ಬಿಟ್ಟದ್ದು, ಊರು ಉಳಿಯಲೆಂದು ರಾಜ ಮಗಳನ್ನು ದಡದ ಬಂಡೆಗೆ ಸರಪಳಿಯಿಂದ ಕಟ್ಟಿಸಿದ್ದು, ಪೆರ್ಸಿಯಸ್ ಆಕಾಶದಿಂದ ಇಳಿದದ್ದು, ಎಲ್ಲ ಕೇಳಿದ.

"ಜಂಬ ಹೊಡೆದವಳು ಹೆಂಡತಿ, ಕಟ್ಟಿಹಾಕಿದ್ದು ಮಗಳನ್ನಾ?"

"ಹೌದು."

"ಹೆಂಡತಿಗೆ ಹೆದರುತ್ತಿದ್ದ ಅಂತ ಕಾಣುತ್ತೆ," ಅಂದು ಕಾಫಿಗೆ ಕೈ ಚಾಚಿದ.

ಕೊಳೆತ ಚಿತ್ರದ ಗುರುತಿಗೆ ಉಳಿದಿರುವುದು ಸಂಘದ ವಾರ್ಷಿಕೋತ್ಸವದಲ್ಲಿ ತೆಗೆದ ಒಂದು ಹಳೆಯ ಫೋಟೋ. ಹುಡುಗಿ, ಪ್ರಾಣಿ, ಪೆರ್ಸಿಯಸ್ ಸ್ಪಷ್ಟವಾಗಿದ್ದಾರೆ. ದಡದಲ್ಲಿ ನಿಂತ ರಾಜನ ಜಾಗಕ್ಕೆ ಸರಿಯಾಗಿ ನೀರಿನ ಕಲೆಯಿದೆ. ಕಿರೀಟ ಮಾತ್ರ ಕಾಣುತ್ತದೆ. ಮೇ ತಿಂಗಳ ನಡುವಿನೊಳಗೆ ಮುಗಿಯಬೇಕು.

ನಿನ್ನ ಅಕ್ಕ,
ಮಿರ್ಸಿನಿ


ಅಥೆನ್ಸ್
23 ಅಕ್ಟೋಬರ್ 1983

ಅಕ್ಕಾ,

ಆಗುತ್ತದೆ. ನಾನು ದಿನವಿಡೀ ಮಾಡುವುದು ಸತ್ತವರ ಎಣ್ಣೆಚಿತ್ರಗಳ ರಿಪೇರಿ; ಬದುಕಿರುವವರು ಯಾರೂ ನನ್ನನ್ನು ಏನನ್ನೂ ಕೇಳುವುದಿಲ್ಲ. ಕೇಳಿದ್ದು ಸಂತೋಷ.

ಆಂಡ್ರೊಮೆಡಾಳನ್ನು ಸದ್ಯಕ್ಕೆ ಮರೆತುಬಿಡು. ಅಂಗಳದಿಂದ ಒಂದು ನಿಂಬೆಹಣ್ಣು ಕಿತ್ತು ತಂದು ಮೇಜಿನ ಮೇಲಿಡು. ಎಡಗಡೆಯ ಕಿಟಕಿಯೊಂದನ್ನು ಬಿಟ್ಟು ಉಳಿದ ಕಿಟಕಿಗಳನ್ನು ಮುಚ್ಚು. ಕಂಡದ್ದನ್ನು ಬರಿ. ಕಂಡದ್ದನ್ನು ಮಾತ್ರ.

ಎರಡು ಮಾತು ನೆನಪಿಟ್ಟುಕೋ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ ಇರಬೇಕು, ಮೇಲಿನದಕ್ಕೆ ಹೆಚ್ಚು. ಅದನ್ನು ತಲೆಕೆಳಗು ಮಾಡಿದರೆ ಚಿತ್ರ ಬಿರುಕು ಬಿಟ್ಟು ಒಂದು ದಿನ ನನ್ನ ಮೇಜಿಗೇ ಬರುತ್ತದೆ. ಇನ್ನೊಂದು, ಒಂದು ಪದರ ಒಣಗುವವರೆಗೆ ಅದರ ಹತ್ತಿರ ಹೋಗಬೇಡ. ಮೊಟ್ಟೆಬಣ್ಣದವಳು ನೀನು, ನಿನಗೆ ಕಷ್ಟವಾಗುವುದು ಇದೇ.

ಬಣ್ಣ, ಅಕ್ರೋಟಿನ ಎಣ್ಣೆ, ಹಂದಿಗೂದಲಿನ ಕುಂಚಗಳನ್ನು ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಯಾರು ಕಳಿಸಿದ್ದೆಂದು ಅಪ್ಪನಿಗೆ ಹೇಳುವುದೂ ಬಿಡುವುದೂ ನಿನ್ನಿಷ್ಟ.

ಸ್ಟ್ರಾಟಿಸ್


ಕಾರ್ಲೋವಾಸಿ
20 ನವೆಂಬರ್ 1983

ಸ್ಟ್ರಾಟಿಸ್,

ಹೇಳುವ ಅಗತ್ಯ ಬೀಳಲಿಲ್ಲ. ಪಾರ್ಸೆಲಿನ ಮೇಲಿನ ಅಕ್ಷರ ನೋಡಿ, "ಇವನಿಗೆ ಇನ್ನೂ ನೇರವಾಗಿ ಗೆರೆ ಎಳೆಯೋಕೆ ಬರಲ್ಲ," ಅಂದ. ಆಮೇಲೆ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಬಹಳ ಹೊತ್ತು ಮೂಸಿದ.

ಮೊದಲ ನಿಂಬೆಹಣ್ಣು ಕೆಸರಾಯಿತು. ಪಟ ಬರೆಯುವ ಹಾಗೆ ಸಣ್ಣ ಗೆರೆಯ ಮೇಲೆ ಸಣ್ಣ ಗೆರೆ ಎಳೆಯುತ್ತ ಹೋದೆ. ಮೊಟ್ಟೆಬಣ್ಣ ಕುಂಚ ಎತ್ತುವಷ್ಟರಲ್ಲಿ ಒಣಗುತ್ತದೆ. ಎಣ್ಣೆಬಣ್ಣ ಕೆಳಗಿನದನ್ನೂ ಎಬ್ಬಿಸಿಕೊಂಡು ಬಂತು. ಎರಡನೆಯದೂ ಹಾಗೇ. ಮೂರನೆಯದನ್ನು ಬರೆದು, ಒಣಗುವ ಮೊದಲು ಮುಟ್ಟಬಾರದೆಂದು ಕೋಣೆಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮನೆಯ ಫ್ರೋಸೊಗೆ ಕೊಟ್ಟೆ. ಹೆಂಗಸರ ಕೂದಲು ಸಿಂಗರಿಸುವ ಅಂಗಡಿ ನಡೆಸುವ ಫ್ರೋಸೊ ನಿನಗೆ ನೆನಪಿರಬೇಕು. "ಒಳಗೆ ಯಾರನ್ನ ಕೂಡಿಹಾಕಿದ್ದೀಯೇ?" ಅಂದಳು. ನಿಂಬೆಹಣ್ಣು ಅಂದೆ. ಈಗ ಬೀದಿಯೆಲ್ಲ ಆ ಹಣ್ಣಿನ ಆರೋಗ್ಯ ವಿಚಾರಿಸುತ್ತದೆ.

ಆ ಮೂರನೆಯದು ಹಣ್ಣಿನಂತೆ ಕಾಣುತ್ತಿದೆ. ಆದರೆ ಅದು ಗಾಳಿಯಲ್ಲಿ ತೇಲುತ್ತಿದೆ, ಅದೇಕೆಂದು ತಿಳಿಯುತ್ತಿಲ್ಲ. ಬಲಗಡೆಗೆ ಕಪ್ಪು ಹಚ್ಚಬೇಕೆಂದು ಕಣ್ಣಿಗೆ ಗೊತ್ತಾಗುತ್ತದೆ, ಕೈ ಏಳುವುದಿಲ್ಲ. ನಮ್ಮ ಪಟಗಳಲ್ಲಿ ನೆರಳು ಎಂಬುದೇ ಇಲ್ಲವಲ್ಲ. ಕಪ್ಪು ಬರೆದರೆ ಅದು ಗುಹೆ, ಇಲ್ಲವೇ ನರಕ. ಧೈರ್ಯ ಮಾಡಿ ನಾಲ್ಕನೆಯದಕ್ಕೆ ಒಂದಿಷ್ಟು ಹಚ್ಚಿದೆ. ಅಪ್ಪ ಹಿಂದೆ ಬಂದು ನಿಂತಿದ್ದ.

"ಏನು ಪಾಪ ಮಾಡ್ತು ಅದು?"

"ಯಾವುದು?"

"ಆ ನಿಂಬೆಹಣ್ಣು. ಅರ್ಧ ಮುಖ ಕತ್ತಲಲ್ಲಿ ಹಾಕಿದ್ದೀಯಲ್ಲ."

ನಗು ಬಂತು, ಆದರೆ ನನಗೆ ಅನ್ನಿಸುವುದೂ ಅದೇ. ನಾಳೆ ಆಂಡ್ರೊಮೆಡಾಳ ಮುಖದ ಅರ್ಧವನ್ನು ನೆರಳಿಗೆ ಹೇಗೆ ದೂಡಲಿ? ಅವಳು ಏನು ಮಾಡಿದ್ದಾಳೆ?

ಮಿರ್ಸಿನಿ


ಅಥೆನ್ಸ್
11 ಡಿಸೆಂಬರ್ 1983

ಅಕ್ಕಾ,

ಏನೂ ಮಾಡಿಲ್ಲ. ಅವಳ ಎಡಗಡೆ ಸೂರ್ಯನಿದ್ದಾನೆ, ಅಷ್ಟೇ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಚಿತ್ರಶಾಲೆಯಲ್ಲಿ ಒಂದು ಚಳಿಗಾಲ ಬೇಕಾಯಿತು, ಆದ್ದರಿಂದ ನಿನಗೆ ಬೇಗ ಆಗಲೆಂದು ನಾನು ಬಯಸುವುದಿಲ್ಲ. ನಮ್ಮ ಸಂತರಿಗೆ ಬೆಳಕು ಒಳಗಿನಿಂದ ಬರುತ್ತದೆ. ಉಳಿದವರೆಲ್ಲ ಕಿಟಕಿಯಿಂದ ಎಷ್ಟು ಬರುತ್ತದೋ ಅಷ್ಟರಲ್ಲಿ ಬದುಕಬೇಕು. ನೆರಳು ಶಿಕ್ಷೆಯಲ್ಲ. ಆ ವಸ್ತು ಅಲ್ಲಿ ನಿಜವಾಗಿಯೂ ಇದೆ ಎಂಬುದಕ್ಕೆ ಸಾಕ್ಷಿ. ನಿನ್ನ ಹಣ್ಣು ತೇಲುತ್ತಿರುವುದು ಮೇಜಿನ ಮೇಲೆ ಅದರ ನೆರಳು ಬಿದ್ದಿಲ್ಲದ ಕಾರಣ. ಅದನ್ನು ಬರೆದು ನೋಡು, ಕುಳಿತುಕೊಳ್ಳುತ್ತದೆ.

ಇನ್ನೊಂದು ವಿಷಯ ನಿನಗೆ ಖುಷಿ ಕೊಡಬಹುದು. ಮೊಟ್ಟೆಬಣ್ಣದಲ್ಲಿ ತಪ್ಪಿದರೆ ತಪ್ಪಿದ್ದೇ. ಇದರಲ್ಲಿ ಹಸಿಯಿರುವ ತನಕ ಚಾಕುವಿನಿಂದ ಕೆರೆದು ತೆಗೆಯಬಹುದು. ನಿನ್ನೆ ಮಾಡಿದ್ದನ್ನು ಇವತ್ತು ಬೇಡವೆನ್ನಲು ಬಿಡುತ್ತದೆ. ನಾನು ಮನೆ ಬಿಟ್ಟದ್ದು ಇದಕ್ಕಾಗಿಯೇ ಎಂದು ಕೆಲವು ದಿನ ಅನ್ನಿಸುತ್ತದೆ.

ಹೆಸರಿನ ವಿಷಯ ಅಪ್ಪನ ಹತ್ತಿರ ಮಾತಾಡಿದೆಯಾ?

ಸ್ಟ್ರಾಟಿಸ್


ಕಾರ್ಲೋವಾಸಿ
5 ಫೆಬ್ರವರಿ 1984

ಸ್ಟ್ರಾಟಿಸ್,

ಇಲ್ಲ.

ಕ್ಯಾನ್ವಾಸು ಬಂದಿದೆ. ಕಾರ್ಯಶಾಲೆಯ ಬಾಗಿಲಲ್ಲಿ ಹಿಡಿಸಲಿಲ್ಲ. ಮುಚ್ಚಿಹೋದ ಚರ್ಮದ ಕಾರ್ಖಾನೆಯ ಒಂದು ಶೆಡ್ಡನ್ನು ಸಂಘದವರು ಬಿಡಿಸಿಕೊಟ್ಟಿದ್ದಾರೆ. ಕಡಲು ಹತ್ತು ಮಾರು ದೂರ. ಚರ್ಮದ ವಾಸನೆಯಲ್ಲಿ ಎಣ್ಣೆಯ ವಾಸನೆ ಗೊತ್ತೇ ಆಗುವುದಿಲ್ಲ. ಅಪ್ಪ ಅಲ್ಲಿಗೆ ಬರುವುದಿಲ್ಲ. ಮುಗಿದಮೇಲೆ ನೋಡುತ್ತೇನೆ ಅಂದಿದ್ದಾನೆ.

ನೀನು ಹೇಳಿದ ಕಡಿಮೆ ಎಣ್ಣೆಯ ಕೆಳಪದರವಾಗಿ ಮೊದಲು ಬರಿಯ ಬೂದಿಬಣ್ಣದಲ್ಲಿ ಎಲ್ಲವನ್ನೂ ಬರೆಯುತ್ತಿದ್ದೇನೆ. ನಿಂಬೆಹಣ್ಣು ಕುಳಿತುಕೊಂಡಿತು, ಅದನ್ನು ಹೇಳುವುದು ಮರೆತೆ. ನೆರಳು ಬರೆದ ಕೂಡಲೇ ಕುಳಿತಿತು. ನಾನೂ ಪಕ್ಕದಲ್ಲಿ ಕುಳಿತುಬಿಟ್ಟೆ.

ಹುಡುಗಿಯ ತೋಳುಗಳಿಗಾಗಿ ಫ್ರೋಸೊಳನ್ನು ಕರೆತಂದೆ. ಕಂಬಕ್ಕೆ ಹಗ್ಗ ಕಟ್ಟಿ ಕೈ ಮೇಲೆತ್ತಿ ನಿಲ್ಲಿಸಿದೆ.

"ಇನ್ನೂ ಎಷ್ಟೊತ್ತೇ? ತೋಳೆಲ್ಲ ಜೋಮು ಹಿಡೀತು."

"ಅಲ್ಲಾಡಬೇಡ. ಆಂಡ್ರೊಮೆಡಾ ಮಾತಾಡಲ್ಲ."

"ಅವಳಿಗೇನು, ಒಂದು ಪ್ರಾಣಿ ಬಂದು ತಿಂದರೆ ಮುಗೀತು. ನನಗೆ ಆರು ಗಂಟೆಗೆ ಮದುವಣಗಿತ್ತಿಯ ತಲೆ ಇದೆ." ತಲೆಯೆತ್ತಿ ತನ್ನ ತೋಳನ್ನೇ ನೋಡಿಕೊಂಡು, "ಈ ಗಾತ್ರದ ತೋಳು ನೋಡಿದರೆ ಆ ಪ್ರಾಣಿ ಸರಪಳಿ ಬಿಚ್ಚಿ ಕ್ಷಮೆ ಕೇಳಿಕೊಂಡು ಹೋಗುತ್ತೆ ಕಣೇ," ಅಂದಳು.

ತೋಳುಗಳು ಚೆನ್ನಾಗಿ ಬಂದಿವೆ. ತೂಕವಿದೆ. ಫೋಟೋದಲ್ಲಿರುವ ಹುಡುಗಿಯ ತೋಳು ಮೇಣದ ಬತ್ತಿಯಂತಿತ್ತು.

ಸಂಘದ ಅಧ್ಯಕ್ಷ ಅಗಾಪಿತೋಸ್, ಔಷಧಿ ಅಂಗಡಿಯವನು, ದಾರಿಯಲ್ಲಿ ಸಿಕ್ಕಿ, "ಮೇಷ್ಟ್ರ ಕೆಲಸ ಹೇಗೆ ಸಾಗ್ತಿದೆಯಮ್ಮ? ನೀನು ಬಣ್ಣ ಅರೆದುಕೊಡ್ತಿದ್ದೀಯಾ?" ಎಂದು ಕೇಳಿದ. ಅರೆದುಕೊಡುತ್ತಿದ್ದೇನೆ ಅಂದೆ. ಮನೆಗೆ ಬಂದು ಬಹಳ ಹೊತ್ತು ಕೈ ತೊಳೆದೆ.

ಬೂದಿಬಣ್ಣದ ಫೋಟೋ ಜೊತೆಗಿದೆ. ರಾಜನ ಜಾಗ ಇನ್ನೂ ಖಾಲಿ.

ಮಿರ್ಸಿನಿ


ಅಥೆನ್ಸ್
20 ಫೆಬ್ರವರಿ 1984

ಅಕ್ಕಾ,

ತೋಳುಗಳನ್ನು ಯಾರೂ ಮುಟ್ಟಬೇಡಿ. ನೀನೂ ಮುಟ್ಟಬೇಡ.

ಪ್ರಾಣಿಯ ವಿಷಯಕ್ಕೆ ಬರೋಣ. ಮೂಲದಲ್ಲಿ ಅದು ಹುಡುಗಿಯತ್ತ ಬಾಯಿ ತೆರೆದು ಮುಖ ಇತ್ತ ಹೊರಳಿಸಿದೆ. ನಿನ್ನದರಲ್ಲಿ ಅದು ಪಕ್ಕಕ್ಕೆ ತಿರುಗಿ ಒಂದೇ ಕಣ್ಣಿನಲ್ಲಿ ನಿಂತಿದೆ. ನೋಡಿ ಜೋರಾಗಿ ನಕ್ಕೆ. ಮೇಜಿನ ಆಚೆ ಕೆಲಸ ಮಾಡುವವನು ಏನಾಯಿತೆಂದು ಕೇಳಿದ. ಅವನಿಗೆ ವಿವರಿಸಬೇಕಾಯಿತು: ನಮ್ಮಲ್ಲಿ ಸಂತರನ್ನು ಎರಡೂ ಕಣ್ಣು ಕಾಣುವಂತೆ ಬರೆಯುತ್ತಾರೆ, ಕ್ರಿಸ್ತನನ್ನು ಹಿಡಿದುಕೊಟ್ಟ ಯೂದನನ್ನೂ ದೆವ್ವಗಳನ್ನೂ ಮಾತ್ರ ಅಡ್ಡಮುಖವಾಗಿ, ಒಂದು ಕಣ್ಣಿನಲ್ಲಿ. ಪ್ರಾರ್ಥನೆ ಮಾಡುವವರ ದೃಷ್ಟಿ ಅವುಗಳ ದೃಷ್ಟಿಗೆ ಕೂಡಬಾರದೆಂದು. ನನ್ನ ಅಕ್ಕ ಕಡಲ ಪ್ರಾಣಿಯನ್ನೂ ಆ ಸಾಲಿಗೆ ಸೇರಿಸಿದ್ದಾಳೆ ಅಂದೆ.

ಆದರೆ ಇದು ರಂಗಮಂದಿರ, ಚರ್ಚಲ್ಲ. ಮುಂದಿನ ಸಾಲಿನಲ್ಲಿ ಕೂತವರು ಸ್ವಲ್ಪ ಹೆದರಲಿ. ಪ್ರಾಣಿಯನ್ನು ಇತ್ತ ತಿರುಗಿಸು.

ಸ್ಟ್ರಾಟಿಸ್


ಕಾರ್ಲೋವಾಸಿ
18 ಮಾರ್ಚ್ 1984

ಸ್ಟ್ರಾಟಿಸ್,

ಪ್ರಾಣಿಗೆ ಎರಡು ಕಣ್ಣು ಬಂದಿದೆ. ಎರಡು ರಾತ್ರಿ ನನಗೇ ಅದು ಕನಸಿನಲ್ಲಿ ಬಂತು, ಆದ್ದರಿಂದ ಸರಿಯಾಗಿರಬೇಕು.

ಈಗ ಈಸ್ಟರಿನ ಉಪವಾಸ ನಡೆಯುತ್ತಿದೆ, ಎಣ್ಣೆಯೂ ಇಲ್ಲ ಮೊಟ್ಟೆಯೂ ಇಲ್ಲ. ಅಪ್ಪ ಬಿಡುತ್ತಾನೆಯೇ? ನಾನು ಶೆಡ್ಡಿಗೆ ಹೊರಡುವಾಗೆಲ್ಲ ಬೇಳೆಯ ತಟ್ಟೆಯಿಂದ ತಲೆ ಎತ್ತಿ, "ಹೊರಟೆಯಾ? ಊರಿಗೆ ಊರೇ ಎಣ್ಣೆ ಬಿಟ್ಟು ಕೂತಿದೆ. ನನ್ನ ಮಗಳು ಮೊಣಕೈವರೆಗೆ ಎಣ್ಣೆಯಲ್ಲಿ ಅದ್ದಿಕೊಂಡು ಬರ್ತಾಳೆ," ಅನ್ನುತ್ತಾನೆ.

"ಅದನ್ನ ನಾನೇನು ತಿಂತೀನಾ?"

"ಉಗುರಿನ ಸಂದಿ ನೋಡ್ಕೋ. ರೊಟ್ಟಿ ಅದ್ದಿ ತಿನ್ನಬಹುದು."

"ಹಾಗಾದ್ರೆ ಐವತ್ತು ವರ್ಷ ಉಪವಾಸದಲ್ಲಿ ನೀನು ಮೊಟ್ಟೆ ಒಡೆದು ಬಣ್ಣ ಕಲಸಿದ್ದೋ?"

"ಅದು ಸಂತರು ತಿಂದಿದ್ದು," ಅಂದ.

ಬಣ್ಣ ಬರೆಯುವುದು ಚುರುಕಾಗಿ ಸಾಗುತ್ತಿದೆ. ಕಾಯುವುದೂ ಅಭ್ಯಾಸವಾಗಿದೆ. ಬಂಡೆ ಒಣಗುವವರೆಗೆ ಆಕಾಶ, ಆಕಾಶ ಒಣಗುವವರೆಗೆ ನೀರು. ಇಷ್ಟು ವರ್ಷ ನಾನು ಬರೆದದ್ದರಲ್ಲಿ ಗಾಳಿ ಬೀಸಿರಲಿಲ್ಲ. ಇದರಲ್ಲಿ ಹುಡುಗಿಯ ಕೂದಲು ಹಾರುತ್ತಿದೆ. ಬೆಳಗ್ಗೆ ಶೆಡ್ಡಿನ ಬೀಗ ತೆಗೆಯುವಾಗ ಎದೆ ಹೊಡೆದುಕೊಳ್ಳುತ್ತದೆ. ಈ ವಯಸ್ಸಿನಲ್ಲಿ ಹೀಗಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಮೊನ್ನೆ ರಾಜನನ್ನೂ ಬರೆದು ಮುಗಿಸಿದೆ. ಫೋಟೋದಲ್ಲಿ ಅವನಿಲ್ಲವಾದ್ದರಿಂದ ನನಗೆ ತೋಚಿದಂತೆ ಬರೆದೆ. ಒಂದೇ ಮಧ್ಯಾಹ್ನಕ್ಕೆ ಬಂದ, ಎಲ್ಲೂ ತಡೆಯಲಿಲ್ಲ. ಇಡೀ ಚಿತ್ರದಲ್ಲಿ ಇಷ್ಟು ಸುಲಭವಾಗಿ ಬಂದವನು ಅವನೊಬ್ಬನೇ.

ಫೋಟೋ ಕಳಿಸಿದ್ದೇನೆ. ತಪ್ಪು ಹುಡುಕು.

ಮಿರ್ಸಿನಿ


ಅಥೆನ್ಸ್
27 ಮಾರ್ಚ್ 1984

ಅಕ್ಕಾ,

ಇದನ್ನು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಚಿತ್ರ ಚೆನ್ನಾಗಿದೆ. ಚೆನ್ನಾಗಿದೆ ಎಂದು ನಾನು ಸುಲಭವಾಗಿ ಹೇಳುವುದಿಲ್ಲ. ಪೆರ್ಸಿಯಸನ ಕಾಲು ಸ್ವಲ್ಪ ಗಟ್ಟಿ, ಅದನ್ನು ಆಮೇಲೆ ನೋಡೋಣ.

ರಾಜನನ್ನು ನೋಡು. ದೂರ ನಿಂತು, ಬೇರೆ ಯಾರೋ ಬರೆದದ್ದೆಂದುಕೊಂಡು ನೋಡು. ಎಲ್ಲರಿಗೂ ಎರಡು ಕಣ್ಣಿದೆ. ಪ್ರಾಣಿಗೂ ಇದೆ. ಅವನೊಬ್ಬನೇ ಅಡ್ಡಮುಖ, ಒಂದು ಕಣ್ಣು. ಆ ಮೂಗು ಕೂಡ ಯಾರದೆಂದು ನನಗೆ ಗೊತ್ತು. ನನ್ನ ಮುಖದಲ್ಲೂ ಅದೇ ಇದೆ.

ಊರಿನವರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಅವನು ಪಕ್ಕಕ್ಕೆ ತಿರುಗಿದ ಒಬ್ಬ ರಾಜ. ಆದರೆ ಅಪ್ಪ ಅದನ್ನು ಬಾಗಿಲಲ್ಲೇ ಓದುತ್ತಾನೆ. ಅವನು ನೋಡುವ ಮೊದಲು ಕೆರೆದು ತೆಗೆ.

ನೀನು ಬೇಕೆಂದೇ ಬರೆದೆಯೋ ಎಂದು ನಾನು ಕೇಳುವುದಿಲ್ಲ.

ಸ್ಟ್ರಾಟಿಸ್


ಕಾರ್ಲೋವಾಸಿ
8 ಏಪ್ರಿಲ್ 1984

ಸ್ಟ್ರಾಟಿಸ್,

ನಿನ್ನ ಕಾಗದ ಬರುವ ಹೊತ್ತಿಗೆ ತಡವಾಗಿತ್ತು.

ಮಾರ್ಚ್ 25ರ ಹಬ್ಬದ ದಿನ, ಉಪವಾಸದಲ್ಲೂ ಅವತ್ತು ಮೀನು ನಡೆಯುತ್ತದಲ್ಲ, ನಾನು ಮನೆಯಲ್ಲಿ ಮೀನು ಕರಿಯುತ್ತಿದ್ದೆ. ಚರ್ಚಿನಿಂದ ಅಪ್ಪ ನೇರವಾಗಿ ಮನೆಗೆ ಬರಲಿಲ್ಲ. ನಾನು ಫ್ರೋಸೊಳ ಹತ್ತಿರ ಇಟ್ಟಿದ್ದ ಕೀಲಿ ಕೇಳಿ ಪಡೆದು ಶೆಡ್ಡಿಗೆ ಹೋಗಿದ್ದನಂತೆ. ಮುಗಿಯುವವರೆಗೂ ಬರುವುದಿಲ್ಲ ಅಂದಿದ್ದವನು ಯಾಕೆ ಹೋದನೋ. ನೋಡಬೇಕೆನ್ನಿಸಿರಬೇಕು. ಮನೆಗೆ ಬಂದು ಕುಳಿತು ಊಟ ಮಾಡಿದ. ಮೀನಿಗೆ ಉಪ್ಪು ಹೆಚ್ಚಾಗಿತ್ತು. ಅದನ್ನೂ ಹೇಳಲಿಲ್ಲ.

ಆಮೇಲೆ ಅವನು ಮಾತಾಡಲಿಲ್ಲ. ಶೆಡ್ಡಿಗೆ ಹೊರಟಾಗ ಎಣ್ಣೆಯ ಮಾತಿಲ್ಲ. ಯಾಕೆಂದು ನಿನ್ನ ಕಾಗದ ಬಂದಮೇಲೆಯೇ ನನಗೆ ತಿಳಿದದ್ದು. ಓಡಿಹೋಗಿ ದೂರ ನಿಂತು ನೋಡಿದೆ. ನೀನು ಹೇಳಿದ್ದು ನಿಜ. ಬೇಕೆಂದು ಬರೆಯಲಿಲ್ಲ, ಸ್ಟ್ರಾಟಿಸ್. ಆದರೆ ಬೇಡವೆಂದೂ ಕೈ ನಿಂತಿರಲಿಲ್ಲ. ಅದಕ್ಕೇ ಅಷ್ಟು ಸುಲಭವಾಗಿ ಬಂದಿತ್ತು.

ಕೆರೆಯಲಿಕ್ಕೆ ಚಾಕು ತೆಗೆದುಕೊಂಡೆ. ಕಡಲ ತೇವಕ್ಕೆ ಅದು ಇನ್ನೂ ಒಣಗಿರಲಿಲ್ಲ. ಆದರೆ ಅಪ್ಪ ನೋಡಿಯಾದಮೇಲೆ ಅವನಿಗೆ ಹೇಳದೆ ಅದನ್ನು ಅಳಿಸುವುದು ಇನ್ನೊಂದು ಸುಳ್ಳು ಅನ್ನಿಸಿತು. ಹಾಗೇ ಬಿಟ್ಟೆ. ಮಾತು ಎತ್ತಲೂ ಆಗಲಿಲ್ಲ.

ಬುಧವಾರ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ಸದ್ದಾಯಿತು. ಅಪ್ಪ ಅಡುಗೆಮನೆಯ ಕುರ್ಚಿಯನ್ನು ಎಳೆದುಕೊಂಡು ಬಂದಿದ್ದ. ಚಿತ್ರದ ಎದುರು ಅದನ್ನು ಇಟ್ಟು ಕೂರದೆ ನಿಂತ.

"ಆ ರಾಜನ ಮೂಗು ಯಾರದ್ದು?"

"ನಿನ್ನದು. ನೋಡ್ಕೊಂಡು ಬರೀಲಿಲ್ಲ. ಕೈ ಬರೀತು."

"ಆ ಕೈಗೆ ಕಲಿಸಿದ್ದು ನಾನು. ಅಡ್ಡಮುಖ ಯಾರಿಗೆ ಬರೀಬೇಕು ಅಂತ ಕಲಿಸಿದ್ದೂ ನಾನೇ."

ಪ್ರಾಣಿಯ ಕಡೆ ಗದ್ದ ಎತ್ತಿ ತೋರಿಸಿದ.

"ಆ ಹಲ್ಲಿಗೆ ಎರಡು ಕಣ್ಣು ಕೊಟ್ಟಿದ್ದೀಯ."

"ಅದು ಹಲ್ಲಿಯಲ್ಲ ಅಪ್ಪ. ಕಡಲ ಪ್ರಾಣಿ. ತಿರುಗಿಸು ಅಂತ ಸ್ಟ್ರಾಟಿಸ್ ಹೇಳಿದ."

"ನನ್ನ ತಿರುಗಿಸು ಅಂತ ಹೇಳಲಿಲ್ವೋ?"

"ಕೆರೆದು ತೆಗಿ ಅಂದ. ತೆಗೀತೀನಿ. ಅವನಿಗೆ ಮುಖವೇ ಬೇಡ. ಬೆನ್ನು ಹಾಕಿ ನಿಲ್ಲಿಸ್ತೀನಿ, ಯಾರೂ ಗುರುತಿಸಲ್ಲ."

ಅಪ್ಪ ಆಗ ಕುಳಿತ. ಎಡಗೈಯಿಂದ ಬಲಗೈಯನ್ನು ಹಿಡಿದು ತೊಡೆಯ ಮೇಲೆ ಇಟ್ಟುಕೊಂಡ.

"ಮಗಳನ್ನ ಕಟ್ಟಿಹಾಕಿ ಬೆನ್ನು ತಿರುಗಿಸಿ ನಿಲ್ಲೋದಾ?" ಅಂದ. "ಒಳ್ಳೇ ಅನುಕೂಲ ಮಾಡಿಕೊಡ್ತೀಯ ಅವನಿಗೆ. ಅಡ್ಡಮುಖವೂ ಅಷ್ಟೇ. ಐವತ್ತು ವರ್ಷ ಬರೆದೆ, ನನಗೆ ಹೊಳೀಲಿಲ್ಲ. ನಾವು ಅವರನ್ನ ನೋಡಬಾರದು ಅಂತ ಅಡ್ಡ ತಿರುಗಿಸ್ತೀವಿ. ಅವರೂ ನಮ್ಮನ್ನ ನೋಡದೆ ಪಾರಾಗ್ತಾರೆ. ಇತ್ತ ತಿರುಗಿಸು ಅವನನ್ನ. ಎರಡು ಕಣ್ಣೂ ಬರಿ. ಹುಡುಗಿಯನ್ನ ನೋಡಲಿ."

ಚಾಕುವಿನಿಂದ ರಾಜನ ಮುಖವನ್ನು ಕೆರೆದೆ. ಚಾಕು ಒರೆಸಿದ ಒಂದು ಚಿಂದಿಯಲ್ಲಿ ಅದು ಪೂರ್ತಿ ಬಂತು. ಅಪ್ಪ ನೋಡುತ್ತಿದ್ದ.

"ಬೆಳಕು ಯಾವ ಕಡೆಯಿಂದ ಅಂದಿದ್ದ ನಿನ್ನ ತಮ್ಮ?"

"ಎಡಗಡೆಯಿಂದ."

ಎದ್ದು, ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಹೋಗಿ, ಎಡಗೆನ್ನೆಗೆ ಬಿಸಿಲು ಬೀಳುವಂತೆ ಕುಳಿತ. ನಾಲ್ಕು ಬೆಳಗು ಹಾಗೆ ಕುಳಿತಿದ್ದಾನೆ. ತಲೆಯೂ ಸ್ವಲ್ಪ ನಡುಗುತ್ತದೆ ಎಂದು ನಾನು ಗಮನಿಸಿದ್ದು ಈಗ. ನೆರಳಿನ ಕಡೆಯ ಕಣ್ಣು ಕಷ್ಟ ಕೊಡುತ್ತಿದೆ. ಎಷ್ಟು ಕತ್ತಲು ಹಚ್ಚಿದರೂ ಅದು ಕಾಣುತ್ತಲೇ ಇರುತ್ತದೆ.

ಹೆಸರಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಷ್ಟು ಹತ್ತಿರದಿಂದ ಅವನ ಮುಖ ನೋಡುತ್ತ ಅದನ್ನು ಕೇಳುವುದು ನನ್ನಿಂದಾಗಲಿಲ್ಲ. ಹೆಸರು ಬರೆಯುವುದಾದರೆ ಯಾವಾಗ ಬರೆಯಬೇಕು, ಒಣಗಿದಮೇಲೋ, ಮೊದಲೋ? ಕಸುಬಿನ ಪ್ರಶ್ನೆ ಇದು.

ಮಿರ್ಸಿನಿ


ಅಥೆನ್ಸ್
26 ಏಪ್ರಿಲ್ 1984

ಅಕ್ಕಾ,

ಕ್ರಿಸ್ತನು ಎದ್ದಿದ್ದಾನೆ. ಈ ಸಲ ಈಸ್ಟರಿನ ಕೆಂಪು ಮೊಟ್ಟೆಗಳನ್ನು ಎರಡೂ ಕೈಯಲ್ಲಿ ಒಂದೊಂದು ಹಿಡಿದು ಒಬ್ಬನೇ ಗುದ್ದಿಸಿಕೊಂಡೆ. ಎರಡೂ ಒಡೆದು ಎರಡು ಕಡೆಯೂ ಸೋತೆ.

ಅಪ್ಪ ಕುರ್ಚಿ ಎಳೆದುಕೊಂಡು ಹೋದ ಸಾಲನ್ನು ಹಲವು ಸಲ ಓದಿದೆ.

ಕಸುಬಿನ ಪ್ರಶ್ನೆಗೆ ಕಸುಬಿನ ಉತ್ತರ. ಬಣ್ಣ ಒಣಗಿದಮೇಲೆ ಬರೆದ ಹೆಸರು ಚಿತ್ರದ ಮೇಲೆ ಕುಳಿತಿರುತ್ತದೆ. ನನ್ನಂಥವನು ಒಂದು ಹತ್ತಿಯುಂಡೆ ಹಿಡಿದು ಕುಳಿತರೆ ಅದನ್ನು ತೆಗೆಯಬಹುದು. ಇನ್ನೊಬ್ಬರ ಹೆಸರನ್ನೂ ಬರೆಯಬಹುದು. ಹಸಿಯಲ್ಲಿ ಬರೆದದ್ದು ಬಣ್ಣದ ಒಳಗಿಳಿದು ಅದರ ಜೊತೆಗೇ ಒಣಗುತ್ತದೆ. ಅದನ್ನು ತೆಗೆಯಬೇಕಾದರೆ ಚಿತ್ರವನ್ನೇ ತೆಗೆಯಬೇಕು.

ಯಾರ ಹೆಸರು ಎಂಬುದನ್ನು ನೀನೇ ನಿರ್ಧರಿಸಬೇಕು. ಪಟಗಳ ಸುದ್ದಿ ಹೊರಬಂದರೆ ಆ ಊರಿನಲ್ಲಿ ಇರಬೇಕಾದವಳು ನೀನು, ನಾನಲ್ಲ.

ಪೆರ್ಸಿಯಸನ ಕಾಲನ್ನು ಮರೆಯಬೇಡ.

ಸ್ಟ್ರಾಟಿಸ್


ಕಾರ್ಲೋವಾಸಿ
13 ಮೇ 1984

ಸ್ಟ್ರಾಟಿಸ್,

ಪೆರ್ಸಿಯಸನ ಕಾಲು ಸರಿಹೋಯಿತು. ಈಗ ಅವನು ಬಂಡೆಯ ಮೇಲೆ ನಿಜವಾಗಿಯೂ ಇಳಿಯುತ್ತಾನೆ.

ಶುಕ್ರವಾರ ಅಗಾಪಿತೋಸ್ ಸಂಘದ ಪರವಾಗಿ ಚಿತ್ರ ನೋಡಲು ಬಂದಿದ್ದ. ಅಪ್ಪ ತನ್ನ ಕುರ್ಚಿಯಲ್ಲಿದ್ದ. ನಾನು ಬದಿಯಲ್ಲಿ ನಿಂತು ಕಾಫಿ ಬಗ್ಗಿಸುತ್ತಿದ್ದೆ. ಅಗಾಪಿತೋಸ್ ಟೋಪಿ ತೆಗೆದ. ಚಿತ್ರದ ಹತ್ತಿರಕ್ಕೆ ಬಂದ. ಅವನು ಹುಡುಗಿಯನ್ನಲ್ಲ, ರಾಜನನ್ನು ನೋಡುತ್ತಿದ್ದ. ಯಾರ ಮುಖವೆಂದು ಗುರುತಿಸಿದನೋ ಇಲ್ಲವೋ, ಹೇಳಲಿಲ್ಲ.

"ಪಾಪ, ಈ ಮನುಷ್ಯನಿಗೆ ತಾನೇನು ಮಾಡಿದೆ ಅಂತ ಈಗ ಗೊತ್ತಾಗ್ತಿದೆ," ಅಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ಮ ಕೈ ಇನ್ನೂ ಹಾಗೇ ಇದೆ ಬಿಡಿ. ಒಂಚೂರೂ ಕುಂದಿಲ್ಲ."

ಪರರ ಎದುರು ಅಪ್ಪ ಬಲಗೈಯನ್ನು ಜೇಬಿನಿಂದ ತೆಗೆಯುವುದಿಲ್ಲ. ಕಾಫಿಯನ್ನೂ ಎಡಗೈಯಲ್ಲಿ ಕುಡಿಯುತ್ತಾನೆ. ಆವತ್ತು ನಾನು ಬಟ್ಟಲನ್ನು ಎಡಗಡೆಗೆ ಇಟ್ಟಿದ್ದೆ. ಅವನು ಬಲಗೈಯನ್ನು ಹೊರತೆಗೆದು, ಮೈಯನ್ನು ಅಡ್ಡವಾಗಿ ಬಾಗಿಸಿ, ಆ ಬಟ್ಟಲನ್ನು ಬಲಗೈಯಲ್ಲೇ ಎತ್ತಿದ. ಬಟ್ಟಲು ತಟ್ಟೆಗೆ ಬಡಿದು ಕಟಕಟ ಅಂದಿತು. ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಕೆಳಗಿಡಲಿಲ್ಲ. ತುಟಿಯವರೆಗೆ ತಂದು ಒಂದು ಗುಟುಕು ಕುಡಿದ, ಮತ್ತೆ ಅಷ್ಟೇ ನಿಧಾನವಾಗಿ ಕೆಳಗಿಟ್ಟ.

"ಹೌದೇನಯ್ಯ," ಅಂದ.

ಅಗಾಪಿತೋಸ್ ಆ ಕೈಯನ್ನು ನೋಡಿದ. ಚಿತ್ರವನ್ನು ನೋಡಿದ. ನನ್ನ ಉಗುರುಗಳನ್ನೂ ನೋಡಿದ ಅನ್ನಿಸುತ್ತದೆ. ಆಮೇಲೆ ರಂಗಮಂದಿರದ ಹೊಸ ಕುರ್ಚಿಗಳ ಬಗ್ಗೆ ಮಾತು ಶುರುಮಾಡಿದ. ಹೊರಡುವಾಗ ನನಗೆ ಕೈ ಕೊಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ.

ಅಪ್ಪ ಅದನ್ನು ಬೇಕೆಂದೇ ಮಾಡಿದನೋ ಎಂದು ನಾನು ಕೇಳಲಿಲ್ಲ. ಪ್ಯಾಂಟು ಒಗೆಯಲು ಹಾಕಿದೆ. ಸಂಜೆ ಅವನು ಬೇರೇನೋ ಹುಡುಕುವವನ ಹಾಗೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ಅಥೆನ್ಸ್ ಕಡೆಯಿಂದ ಹಡಗು ಬರೋದು ಭಾನುವಾರವೋ ಸೋಮವಾರವೋ?" ಅಂದ. ಭಾನುವಾರ ಬೆಳಗ್ಗೆ ಅಂದೆ. ಅವನು ತಲೆಯಾಡಿಸಿದ. ಅಷ್ಟೇ. ರಂಗಮಂದಿರ ತೆರೆಯುವುದು ಅದರ ಮರುದಿನ, ಇಪ್ಪತ್ತೊಂದಕ್ಕೆ. ಇಷ್ಟು ನಿನಗೆ ತಿಳಿದಿರಲಿ.

ಬುಧವಾರ ಚಿತ್ರವನ್ನು ಒಯ್ಯುತ್ತಾರೆ. ಮುಂದಿನ ದಿನಗಳು ಹೇಗಿರುತ್ತವೆಂದು ಯೋಚಿಸಿದ್ದೇನೆ. ಪಾದ್ರಿಗಳು ಬರುತ್ತಾರೆ, ಕೇಳುತ್ತಾರೆ. ಕೆಲವರು ಪಟಗಳನ್ನು ಹಿಂದಕ್ಕೆ ಕಳಿಸಲೂಬಹುದು. ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. ಬರೆದವಳು ನಾನು, ಕಲಿಸಿದವನು ಅವನು. ಎರಡೂ ನಿಜ. ಅವುಗಳಲ್ಲಿ ಒಂದನ್ನೇ ಹೇಳುತ್ತ ಬಂದದ್ದು ಸಾಕು.

ಕೆಳಗಿನ ಬಲಮೂಲೆಯ ನೀರಿನ ಮೇಲೆ ನನ್ನ ಹೆಸರನ್ನು ಬರೆಯುವುದೆಂದು ತೀರ್ಮಾನಿಸಿದ್ದೇನೆ. ಆ ಮೂಲೆ ಒಣಗಿಹೋಗಿತ್ತು. ಇವತ್ತು ಸಂಜೆ ಅಲ್ಲಿನ ಅಲೆಗಳನ್ನು ಇನ್ನೊಮ್ಮೆ ಬರೆದು ಬಂದೆ. ನಾಳೆ ಇಡೀ ದಿನ ಹಸಿಯಾಗಿರುತ್ತದೆ.

ನಿನ್ನ ಅಕ್ಕ,
ಮಿರ್ಸಿನಿ